ತೋಪಿನ ಪಕ್ಕದಲ್ಲೊಂದು ತರಗತಿ

ಎರಡನೇ ಮಹಾಯುದ್ಧದ ಪಾಠ ಬಂದಾಗ ನಮ್ಮ ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಎರಡೇ. ಹಿಟ್ಲರ್ ಹೇಗೆ ಸತ್ತ? ಅಣುಬಾಂಬು ಎಷ್ಟು ದೊಡ್ಡದಿತ್ತು? ಪಠ್ಯಪುಸ್ತಕವೂ ಇಸವಿ, ಒಪ್ಪಂದ, ದೇಶಗಳ ಹೆಸರು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತದೆ. ಆ ಯುದ್ಧದ ಕಾಲಕ್ಕೆ ನಮ್ಮ ಒಂಬತ್ತನೇ, ಹತ್ತನೇ ಇಯತ್ತೆಯ ವಯಸ್ಸಿನ ಹುಡುಗರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಜರ್ಮನಿಯಲ್ಲಿ ಅವರು ವಿಮಾನ ಹೊಡೆಯುವ ತೋಪುಗಳ ಬಳಿ ನಿಂತಿದ್ದರು. ಅವರ ಹಿಂದೆಯೇ ಅವರ ಮಾಸ್ತರರೂ ಪುಸ್ತಕ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಈ ಸಲ ಆ ತೋಪಿನ ಕಥೆಯನ್ನೂ ಆ ಮಕ್ಕಳ ಕಥೆಯನ್ನೂ ಕೂಡಿಸಿ ಬರೆಯುತ್ತಿದ್ದೇವೆ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಯಾಕೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ತೋಪು ಹುಟ್ಟಿದ ಬಗೆ

ಮೊದಲನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರ ವರ್ಸೇಲ್ಸ್ ಒಪ್ಪಂದ ಹಲವು ಕಟ್ಟುಪಾಡು ಹೇರಿತು. ಸೈನ್ಯ ಒಂದು ಲಕ್ಷ ಮೀರಬಾರದು, ವಾಯುಪಡೆ ಇರಲೇಬಾರದು, ತೋಪುಗಳಿಗೂ ಮಿತಿ. ಎಸ್ಸೆನ್ ನಗರದ ಕ್ರುಪ್ ಕಂಪನಿ ತೋಪು ಮಾಡುವುದರಲ್ಲಿ ಹೆಸರಾಗಿತ್ತು. ಸ್ವಂತ ನೆಲದಲ್ಲಿ ಮಾಡಲು ಬಾರದ ಕೆಲಸವನ್ನು ಅದು ಪರದೇಶದಲ್ಲಿ ಮಾಡಿತು. ತನ್ನ ಎಂಜಿನಿಯರುಗಳನ್ನು ಸ್ವೀಡನ್ನಿನ ಬೋಫೋರ್ಸ್ ಕಂಪನಿಗೆ ಕಳಿಸಿತು. ಹೌದು, ಅದೇ ಬೋಫೋರ್ಸ್. ನಮ್ಮ ಹಿರಿಯರಿಗೆ ಆ ಹೆಸರು ಕೇಳಿದರೆ 1980ರ ದಶಕದ ಕೊನೆಯ ರಾಜಕೀಯ ಗದ್ದಲ ನೆನಪಾಗುತ್ತದೆ, ಕಿರಿಯರಿಗೆ 1999ರ ಕಾರ್ಗಿಲ್ ಬೆಟ್ಟಗಳು ನೆನಪಾಗುತ್ತವೆ.

ಅಲ್ಲಿ ಗಳಿಸಿದ ಅನುಭವವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಎಂಜಿನಿಯರುಗಳು 88 ಮಿಲಿಮೀಟರ್ ಬಾಯಿಯ ಹೊಸ ತೋಪನ್ನು ರೂಪಿಸಿದರು. 1933ರಲ್ಲಿ ಅದರ ತಯಾರಿಕೆ ಶುರುವಾಯಿತು. ಹೆಸರು 'ಫ್ಲಾಕ್ 18'. ಈ 18 ಎಂಬುದು 1918ರ ಹಳೆಯ ಮಾದರಿ ಎಂದು ಹೊರಗಿನವರಿಗೆ ತೋರಲಿ ಎಂದು ಇಟ್ಟದ್ದು. ಮುಂದೆ ಫ್ಲಾಕ್ 36, ಫ್ಲಾಕ್ 37 ಎಂಬ ಸುಧಾರಿತ ಮಾದರಿಗಳು ಬಂದವು. 'ಫ್ಲಾಕ್' ಎಂದರೆ ವಿಮಾನ ತಡೆಯುವ ತೋಪು ಎಂಬ ಅರ್ಥದ ಉದ್ದನೆಯ ಜರ್ಮನ್ ಪದದ ಮೊಟಕು ರೂಪ. ಯುದ್ಧದ ಕಾಲದಲ್ಲಿ ಆ ಪದ ಇಂಗ್ಲಿಷಿಗೂ ಹೋಯಿತು. ಈಗ ಅಲ್ಲಿ ಯಾರ ಮೇಲಾದರೂ ಟೀಕೆಯ ಸುರಿಮಳೆಯಾದರೆ ಅದಕ್ಕೂ ಫ್ಲಾಕ್ ಎನ್ನುತ್ತಾರೆ.

88 ಮಿಲಿಮೀಟರ್ ಎಂದರೆ ಚಹಾ ಕಪ್ಪಿನ ಬಾಯಿಯಷ್ಟು ಅಗಲ. ಅದರಿಂದ ಹೊರಡುವ ಸಿಡಿಗುಂಡಿನ ತೂಕ 9 ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ಮದ್ದು ತುಂಬಿದ ಹಿತ್ತಾಳೆ ಕೊಳವೆ ಸೇರಿದರೆ 14 ಕಿಲೋ ದಾಟುತ್ತದೆ. ತೋಪಿನ ಬಾಯಿ ಬಿಡುವಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಪಳಗಿದ ತಂಡ ನಿಮಿಷಕ್ಕೆ 15ರಿಂದ 20 ಗುಂಡು ಹಾರಿಸುತ್ತಿತ್ತು.

1936ರಿಂದ 1939ರವರೆಗೆ ನಡೆದ ಸ್ಪೇನ್ ಅಂತರ್ಯುದ್ಧದಲ್ಲಿ ಜರ್ಮನಿ ಈ ತೋಪನ್ನು ಪರೀಕ್ಷಿಸಿತು. ವಿಮಾನಕ್ಕೆಂದು ಮಾಡಿದ ತೋಪು ನೆಲದ ಮೇಲಿನ ಗುರಿಗೂ ಬರುತ್ತದೆ ಎಂದು ಗೊತ್ತಾದದ್ದು ಅಲ್ಲಿ. 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಅರಾಸ್ ಬಳಿ ಬ್ರಿಟಿಷ್ ಟ್ಯಾಂಕುಗಳು ನುಗ್ಗಿ ಬಂದಾಗ ಜನರಲ್ ಎರ್ವಿನ್ ರೋಮೆಲ್ ಈ ತೋಪುಗಳ ಬಾಯಿ ಕೆಳಗಿಳಿಸಿ ಅವುಗಳನ್ನು ತಡೆದ. 1941ರ ಜೂನ್ ತಿಂಗಳಲ್ಲಿ ಈಜಿಪ್ಟ್ ಗಡಿಯ ಹಲ್ಫಾಯಾ ಕಣಿವೆದಾರಿಯಲ್ಲೂ ಅದೇ ಆಯಿತು. ಮಣ್ಣಿನಲ್ಲಿ ಹುದುಗಿಸಿಟ್ಟ ಕೆಲವೇ ತೋಪುಗಳು ಬ್ರಿಟಿಷರ ದಪ್ಪ ಕವಚದ ಮಟಿಲ್ಡಾ ಟ್ಯಾಂಕುಗಳನ್ನು ಒಂದೊಂದಾಗಿ ಒಡೆದವು. ಆ ಹೋರಾಟದಲ್ಲಿ ನಾಲ್ಕನೇ ಭಾರತೀಯ ಡಿವಿಜನ್ನಿನ ಹನ್ನೊಂದನೇ ಬ್ರಿಗೇಡೂ ಇತ್ತು, ಅದರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಒಂದು ಬೆಟಾಲಿಯನ್ ಇತ್ತು. ಆ ರೆಜಿಮೆಂಟಿನ ಕೇಂದ್ರ ಇರುವುದು ಬೆಳಗಾವಿಯಲ್ಲಿ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾದ ಮಾತಲ್ಲ.

ಆದರೆ ಈ ತೋಪಿನ ಬಹುದೊಡ್ಡ ಕೆಲಸ ಮರುಭೂಮಿಯಲ್ಲಿ ಅಲ್ಲ, ಜರ್ಮನಿಯ ಊರುಗಳ ಮೇಲೆಯೇ ನಡೆಯಿತು.

ಆಕಾಶದ ಲೆಕ್ಕ

ವಿಮಾನವನ್ನು ತೋಪಿನಿಂದ ಹೊಡೆಯುವುದು ಎಷ್ಟು ಕಷ್ಟ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಅಮೆರಿಕದ ಬಾಂಬರ್ ವಿಮಾನಗಳು ಸುಮಾರು 7,500 ಮೀಟರ್ ಎತ್ತರದಲ್ಲಿ ಬರುತ್ತಿದ್ದವು. ಗುಂಡು ಮೇಲೇರುತ್ತ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಆ ಎತ್ತರ ಮುಟ್ಟಲು 20 ಸೆಕೆಂಡಿನ ಆಸುಪಾಸು ಬೇಕು. ವಿಮಾನದ ವೇಗ ಗಂಟೆಗೆ 400 ಕಿ.ಮೀ. ಎಂದು ಹಿಡಿಯಿರಿ. ಸೆಕೆಂಡಿಗೆ ಸುಮಾರು 111 ಮೀಟರ್ ಆಯಿತು. ಗುಂಡು ಮೇಲೆ ಹೋಗುವಷ್ಟರಲ್ಲಿ ವಿಮಾನ 2 ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅಂದರೆ ವಿಮಾನ ಕಾಣುವ ಕಡೆ ಹೊಡೆದರೆ ಏನೂ ಪ್ರಯೋಜನವಿಲ್ಲ. ಅದು ಇನ್ನು 20 ಸೆಕೆಂಡಿಗೆ ಎಲ್ಲಿ ಇರುತ್ತದೋ ಅಲ್ಲಿಗೆ ಹೊಡೆಯಬೇಕು. ಆ ನಡುವೆ ಪೈಲಟ್ ಸ್ವಲ್ಪ ದಿಕ್ಕು ಬದಲಿಸಿದರೆ ಲೆಕ್ಕವೆಲ್ಲ ನೀರುಪಾಲು.

ಇದಕ್ಕಾಗಿ ಜರ್ಮನರು 'ಕಮಾಂಡೋಗೆರೇಟ್' ಎಂಬ ಲೆಕ್ಕದ ಯಂತ್ರವನ್ನು ಇಟ್ಟಿದ್ದರು. ಅದರ ಮೇಲೆ 4 ಮೀಟರ್ ಉದ್ದದ ದೂರ ಅಳೆಯುವ ದುರ್ಬೀನು. ನಮ್ಮ ಎರಡು ಕಣ್ಣುಗಳ ನಡುವಿನ ಅಂತರದಿಂದಲೇ ನಮಗೆ ವಸ್ತು ಹತ್ತಿರವೋ ದೂರವೋ ತಿಳಿಯುತ್ತದೆ ಅಲ್ಲವೇ? ಆ ಅಂತರವನ್ನು 4 ಮೀಟರಿಗೆ ಹಿಗ್ಗಿಸಿದಂತೆ ಈ ಉಪಕರಣ. ಯಂತ್ರದ ಒಳಗೆ ಹಲ್ಲಿನ ಚಕ್ರಗಳು ತಿರುಗಿ ವಿಮಾನದ ದೂರ, ಎತ್ತರ, ದಿಕ್ಕು, ವೇಗ ಕೂಡಿಸಿ ತೋಪು ಎತ್ತ ತಿರುಗಬೇಕು, ಎಷ್ಟು ಮೇಲೇಳಬೇಕು ಎಂದು ಲೆಕ್ಕ ಹಾಕುತ್ತಿದ್ದವು. ಆ ಉತ್ತರ ವಿದ್ಯುತ್ ತಂತಿಯ ಮೂಲಕ ತೋಪಿಗೆ ಹೋಗುತ್ತಿತ್ತು. ತೋಪಿನ ಬಳಿ ಗಡಿಯಾರದಂಥ ಮುಖಗಳು. ಯಂತ್ರ ಹೇಳುವ ಕೋನಕ್ಕೆ ಒಂದು ಮುಳ್ಳು, ತೋಪು ಇರುವ ಕೋನಕ್ಕೆ ಇನ್ನೊಂದು ಮುಳ್ಳು. ತೋಪಿನ ಪಕ್ಕ ಕುಳಿತವನು ಕೈಚಕ್ರ ತಿರುವಿ ಎರಡೂ ಮುಳ್ಳುಗಳನ್ನು ಕೂಡಿಸಬೇಕು. ಅವನು ಆಕಾಶ ನೋಡಬೇಕಾಗಿಯೇ ಇರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗುಂಡಿನ ಮೂತಿಯಲ್ಲಿ ಕಾಲ ಅಳೆಯುವ ಫ್ಯೂಸ್ ಇರುತ್ತಿತ್ತು. ಹಾರಿಸುವ ಮುಂಚೆ ಇಷ್ಟು ಸೆಕೆಂಡಿಗೆ ಸಿಡಿ ಎಂದು ಅದನ್ನು ತಿರುವಿಡಬೇಕು. ಗುಂಡು ವಿಮಾನಕ್ಕೆ ನೇರ ತಾಗುವುದು ಅಪರೂಪ. ಹತ್ತಿರ ಸಿಡಿದು ಅದರ ಚೂರುಗಳು ತಾಗಬೇಕು. ವಿಮಾನದ ಹತ್ತಿರ ಬಂದೊಡನೆ ತಾನೇ ಸಿಡಿಯುವ ರೇಡಿಯೋ ಫ್ಯೂಸನ್ನು ಅಮೆರಿಕ ಮತ್ತು ಬ್ರಿಟನ್ ಬಳಕೆಗೆ ತಂದವು, ಜರ್ಮನಿಯ ಕೈಗೆ ಅದು ಕೊನೆಯವರೆಗೂ ಬರಲಿಲ್ಲ.

ರಾತ್ರಿಯ ದಾಳಿಗೆ ದುರ್ಬೀನು ಸಾಲದು. ಒಂದೂವರೆ ಮೀಟರ್ ಅಗಲದ, ಆಮೇಲೆ ಎರಡು ಮೀಟರ್ ಅಗಲದ ಸರ್ಚ್‌ಲೈಟುಗಳು ಬಂದವು. ಅದಕ್ಕೂ ಮುಖ್ಯವಾಗಿ ರಾಡಾರ್ ಬಂತು. ದೂರದಿಂದ ಎಚ್ಚರಿಸಲು 'ಫ್ರೇಯಾ', ತೋಪಿಗೆ ಖಚಿತ ಗುರಿ ಕೊಡಲು 'ವ್ಯುರ್ಟ್ಸ್‌ಬುರ್ಗ್'. ಈ ಎರಡನೆಯದರ ಗುಟ್ಟು ತಿಳಿಯಲು ಬ್ರಿಟಿಷ್ ಛತ್ರಿ ಸೈನಿಕರು 1942ರ ಫೆಬ್ರವರಿ 27ರ ರಾತ್ರಿ ಫ್ರಾನ್ಸಿನ ಬ್ರೂನವಾಲ್ ಎಂಬಲ್ಲಿ ಇಳಿದು, ಒಂದು ರಾಡಾರಿನ ಭಾಗಗಳನ್ನೇ ಬಿಚ್ಚಿಕೊಂಡು ಸಮುದ್ರದ ದಾರಿಯಿಂದ ಮರಳಿದರು.

ಆ ರಾಡಾರಿನ ಅಲೆಯ ಉದ್ದ ಸುಮಾರು 53 ಸೆಂಟಿಮೀಟರ್. ಅದರ ಅರ್ಧದಷ್ಟು, ಅಂದರೆ ಸುಮಾರು 27 ಸೆಂಟಿಮೀಟರ್ ಉದ್ದದ ಲೋಹ ಹಚ್ಚಿದ ಕಾಗದದ ಪಟ್ಟಿಗಳನ್ನು ಆಕಾಶದಿಂದ ಉದುರಿಸಿದರೆ ಪ್ರತಿಯೊಂದು ಕಟ್ಟೂ ರಾಡಾರಿಗೆ ಒಂದು ವಿಮಾನದಂತೆ ಕಾಣುತ್ತದೆ. ಬ್ರಿಟಿಷರಿಗೆ ಇದು ಮೊದಲೇ ಗೊತ್ತಿತ್ತು. ತಾವು ಬಳಸಿದರೆ ಶತ್ರುವೂ ಕಲಿತು ತಮ್ಮ ಮೇಲೇ ಬಳಸಿಯಾನು ಎಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದರು. ತಮಾಷೆ ಎಂದರೆ ಜರ್ಮನರಿಗೂ ಇದು ಗೊತ್ತಿತ್ತು, ಅವರೂ ಅದೇ ಭಯದಿಂದ ಸುಮ್ಮನಿದ್ದರು. 1943ರ ಜುಲೈ 24ರ ರಾತ್ರಿ ಬ್ರಿಟಿಷರು ಹ್ಯಾಂಬರ್ಗ್ ನಗರದ ಮೇಲೆ ಅದನ್ನು ಮೊದಲ ಬಾರಿಗೆ ಬಳಸಿದರು. ರಾಡಾರುಗಳು ಕುರುಡಾದವು, ಸರ್ಚ್‌ಲೈಟುಗಳು ಆಕಾಶದಲ್ಲಿ ತಡಕಾಡಿದವು, ತೋಪುಗಳು ಅಂದಾಜಿನ ಮೇಲೆ ಹೊಡೆದವು. ಬಂದ 791 ವಿಮಾನಗಳಲ್ಲಿ ಹಿಂದಿರುಗದೆ ಹೋದವು 12 ಮಾತ್ರ. ಮೂರು ದಿನದ ನಂತರದ ದಾಳಿಯಲ್ಲಿ ನಗರದಲ್ಲಿ ಬೆಂಕಿಯ ಬಿರುಗಾಳಿಯೇ ಎದ್ದಿತು. ಆ ವಾರದಲ್ಲಿ ಸತ್ತವರು ಸುಮಾರು 35 ಸಾವಿರ ಎಂದು ಅಂದಾಜು.

ಇಲ್ಲಿ ಒಂದು ಮಾತನ್ನು ಬಿಡಬಾರದು. ಊರುಗಳ ಮೇಲೆ ಬಾಂಬು ಸುರಿಯುವ ಆಟವನ್ನು ಜರ್ಮನಿಯೇ ಮೊದಲು ಬೇರೆಯವರ ಮೇಲೆ ಆಡಿತ್ತು. 1937ರಲ್ಲಿ ಸ್ಪೇನಿನ ಗೆರ್ನಿಕಾ, 1939ರಲ್ಲಿ ವಾರ್ಸಾ, 1940ರಲ್ಲಿ ರಾಟರ್‌ಡ್ಯಾಮ್, ಲಂಡನ್, ಕೊವೆಂಟ್ರಿ. ಬಿತ್ತಿದ್ದು ಬೆಳೆಯಿತು. ಆದರೆ ಕೊಯ್ಯಲು ನಿಂತವರಲ್ಲಿ ಬಿತ್ತಿದವರಷ್ಟೇ ಇರಲಿಲ್ಲ.

1933ರಲ್ಲಿ ಒಂದನೇ ತರಗತಿ

ಈಗ ಮಕ್ಕಳ ವಿಷಯಕ್ಕೆ ಬರೋಣ. ತೋಪಿನ ತಯಾರಿಕೆ ಶುರುವಾದದ್ದು 1933ರಲ್ಲಿ ಎಂದೆವು. ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದದ್ದೂ ಅದೇ ವರ್ಷದ ಜನವರಿ 30ರಂದು. 1926, 1927ರಲ್ಲಿ ಹುಟ್ಟಿದ ಮಕ್ಕಳು ಆರು ವರ್ಷ ತುಂಬಿ ಶಾಲೆಯ ಮೆಟ್ಟಿಲು ಹತ್ತಿದ್ದೂ ಹೆಚ್ಚುಕಡಿಮೆ ಆಗಲೇ. ತೋಪು ಮತ್ತು ಮಗು ಜೊತೆಯಾಗಿ ಬೆಳೆದವು. ಹತ್ತು ವರ್ಷದ ನಂತರ ಅವೆರಡೂ ಒಂದೇ ಕಡೆ ಸೇರಿದವು.

ಆ ಹತ್ತು ವರ್ಷ ಶಾಲೆಯಲ್ಲಿ ಏನಾಯಿತು? 1933ರ ಏಪ್ರಿಲ್ 7ರ ಕಾನೂನಿನಿಂದ ಯಹೂದಿ ಶಿಕ್ಷಕರನ್ನೂ ಸರಕಾರಕ್ಕೆ ಒಗ್ಗದ ಶಿಕ್ಷಕರನ್ನೂ ಸರಕಾರಿ ಕೆಲಸದಿಂದ ತೆಗೆದುಹಾಕುವ ದಾರಿ ಮಾಡಿಕೊಂಡರು. ಉಳಿದವರಲ್ಲಿ ಬಹುಪಾಲು ಜನ ನಾಜಿ ಶಿಕ್ಷಕರ ಸಂಘದ ಸದಸ್ಯರಾದರು. ಕೆಲವರು ನಂಬಿ ಸೇರಿದರು, ಕೆಲವರು ಅಂಜಿ ಸೇರಿದರು, ಕೆಲವರು ಬಡ್ತಿಗಾಗಿ ಸೇರಿದರು. ಗಣಿತದ ಪುಸ್ತಕದಲ್ಲಿ ಬಾಂಬರ್ ವಿಮಾನ, ಬಾಂಬಿನ ತೂಕ, ಹಾರುವ ದೂರ ಇವುಗಳ ಲೆಕ್ಕಗಳು ಬಂದವು. ವಾಯುದಾಳಿಯಿಂದ ರಕ್ಷಣೆ ಎಂಬುದು ಪಾಠವೇ ಆಯಿತು. 'ಹಿಟ್ಲರ್ ಯುವಜನ' ಸಂಘಕ್ಕೆ ಸೇರುವುದು 1939ರಲ್ಲಿ ಕಡ್ಡಾಯವಾಯಿತು. 1938ರ ನವೆಂಬರದಲ್ಲಿ ಯಹೂದಿ ಮಕ್ಕಳನ್ನು ಸರಕಾರಿ ಶಾಲೆಗಳಿಂದ ಪೂರ್ತಿ ಹೊರಹಾಕಿದರು. ಒಂದೇ ಬೆಂಚಿನ ಮೇಲೆ ಕೂತ ಗೆಳೆಯ ಮರುದಿನ ಬರಲಿಲ್ಲ. ಹಾಜರಿ ಪುಸ್ತಕದಿಂದ ಹೆಸರು ಹೋಯಿತು. 1941ರ ಅಕ್ಟೋಬರದಿಂದ ಜರ್ಮನಿಯ ನಗರಗಳಿಂದಲೇ ಯಹೂದಿ ಕುಟುಂಬಗಳನ್ನು ರೈಲಿನಲ್ಲಿ ತುಂಬಿ ಪೂರ್ವಕ್ಕೆ ಸಾಗಿಸಿದರು. ಹಾಗಾಗಿ 1943ರಲ್ಲಿ ತರಗತಿಗೆ ತರಗತಿಯೇ ತೋಪಿನ ಬಳಿ ಹೋಯಿತು ಎಂದು ನಾವು ಹೇಳುವಾಗ, ಆ ತರಗತಿ ಆಗಲೇ ಪೂರ್ಣ ತರಗತಿಯಾಗಿ ಉಳಿದಿರಲಿಲ್ಲ ಎಂಬುದನ್ನೂ ಕೂಡಿಸಿ ಹೇಳಬೇಕು.

1943ರ ಫೆಬ್ರವರಿ 2ರಂದು ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ ಸೈನ್ಯ ಶರಣಾಯಿತು. ರಷ್ಯದ ರಣರಂಗಕ್ಕೆ ಜನ ಸಾಲದಾದರು. ಊರು ಕಾಯುವ ತೋಪುಗಳ ಬಳಿ ಇದ್ದ ಗಂಡಾಳುಗಳನ್ನು ಅಲ್ಲಿಗೆ ಕಳಿಸಬೇಕು. ಅವರ ಜಾಗಕ್ಕೆ ಯಾರು? ಆ ಜನವರಿಯಲ್ಲೇ ಆದೇಶ ಸಿದ್ಧವಾಗಿತ್ತು. ಫೆಬ್ರವರಿ 15ರಂದು ಪ್ರೌಢಶಾಲೆಯ ಹುಡುಗರಿಗೆ ಕರೆ ಬಂತು. ಮೊದಲು 1926, 1927ರಲ್ಲಿ ಹುಟ್ಟಿದವರು, 1944ರ ಆರಂಭದಲ್ಲಿ 1928ರಲ್ಲಿ ಹುಟ್ಟಿದವರು. 15, 16, 17ರ ಹುಡುಗರು. ಒಟ್ಟು ಸುಮಾರು ಎರಡು ಲಕ್ಷ. 'ಲುಫ್ಟ್‌ವಾಫೆ ಹೆಲ್ಫರ್', ಅಂದರೆ ವಾಯುಪಡೆಯ ಸಹಾಯಕರು ಎಂದು ಹೆಸರು. ಜನ ಕರೆದದ್ದು 'ಫ್ಲಾಕ್ ಹೆಲ್ಫರ್' ಎಂದು.

ಕಾಗದದ ಮೇಲೆ ಇವರು ಸೈನಿಕರಲ್ಲ, ವಿದ್ಯಾರ್ಥಿಗಳು. ದಿನಕ್ಕೆ ಅರ್ಧ ಮಾರ್ಕ್ ಭತ್ಯೆ. ನೀಲಿಬೂದು ಸಮವಸ್ತ್ರ, ತೋಳಿಗೆ ಹಿಟ್ಲರ್ ಯುವಜನ ಸಂಘದ ಪಟ್ಟಿ. ಆ ಪಟ್ಟಿ ತಮ್ಮನ್ನು ಚಿಕ್ಕ ಹುಡುಗರು ಎಂದು ತೋರಿಸುತ್ತದೆ ಎಂದು ಅನೇಕರು ಬ್ಯಾಟರಿಯಿಂದ ಹೊರಗೆ ಕಾಲಿಟ್ಟೊಡನೆ ಅದನ್ನು ಕಳಚಿ ಕಿಸೆಗೆ ಹಾಕುತ್ತಿದ್ದರಂತೆ. ವಯಸ್ಸು ನೋಡಿ. ದೊಡ್ಡವರೆನಿಸಿಕೊಳ್ಳುವ ಆಸೆ ಹುಡುಗರಿಗೆ ಎಲ್ಲ ಕಾಲದಲ್ಲೂ ಇರುತ್ತದೆ. ಆ ಆಸೆಯನ್ನು ಯಾರು ಯಾವುದಕ್ಕೆ ಬಳಸಿಕೊಳ್ಳುತ್ತಾರೆ ಎಂಬುದೇ ಪ್ರಶ್ನೆ.

ಮೊದಲು ಹೇಳಿದ ಮುಳ್ಳುಗಳನ್ನು ಈಗ ನೆನಪಿಸಿಕೊಳ್ಳಿ. ತೋಪನ್ನು ಮುಳ್ಳಿಗೆ ಮುಳ್ಳು ಕೂಡಿಸುವಷ್ಟು ಸರಳ ಮಾಡಿದ್ದರಿಂದಲೇ ಅದನ್ನು ಹುಡುಗರ ಕೈಗೆ ಕೊಡಲು ಸಾಧ್ಯವಾಯಿತು. ಕೈಚಕ್ರ ತಿರುವುವುದು, ಫ್ಯೂಸ್ ಹೊಂದಿಸುವುದು, ದೂರ ಅಳೆಯುವುದು, ರಾಡಾರ್ ನೋಡುವುದು, ಟೆಲಿಫೋನ್ ಕೇಳಿ ಬರೆದುಕೊಳ್ಳುವುದು ಇವೆಲ್ಲ ಅವರ ಪಾಲಿಗೆ ಬಂದವು. 14 ಕಿಲೋದ ಗುಂಡುಗಳನ್ನು ಹೊತ್ತು ತರಲು ಅನೇಕ ಕಡೆ ರಷ್ಯದ ಯುದ್ಧಕೈದಿಗಳನ್ನು ಹಚ್ಚಿದರು. ಕೈದಿಗಳನ್ನು ಯುದ್ಧದ ಕೆಲಸಕ್ಕೆ ಹಚ್ಚಬಾರದು ಎಂದು 1929ರ ಜಿನೀವಾ ಒಪ್ಪಂದ ಹೇಳುತ್ತಿತ್ತು. ಕೇಳುವವರು ಯಾರು?

ಗುಡಿಸಲಿನಲ್ಲಿ ಪಾಠ

ಶಿಕ್ಷಕರಾದ ನಮ್ಮನ್ನು ಬಹಳ ಕಾಡುವ ಭಾಗ ಇದು. ಈ ಹುಡುಗರ ಓದು ನಿಲ್ಲಬಾರದು ಎಂದು ಆದೇಶದಲ್ಲೇ ಇತ್ತು. ವಾರಕ್ಕೆ 18 ಗಂಟೆ ಪಾಠ. ಹುಡುಗರು ಶಾಲೆಗೆ ಬರಲಾಗದಿದ್ದರೆ ಮಾಸ್ತರರೇ ಬ್ಯಾಟರಿಗೆ ಹೋಗಬೇಕು. ತೋಪುಗಳ ಪಕ್ಕದ ಮರದ ಗುಡಿಸಲಿನಲ್ಲಿ ಲ್ಯಾಟಿನ್, ಗಣಿತ, ಇತಿಹಾಸ ನಡೆಯುತ್ತಿತ್ತು. ರಾತ್ರಿ ಪೂರ ತೋಪು ಹಾರಿಸಿದ ಹುಡುಗರು ಬೆಳಿಗ್ಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಪಾಠದ ನಡುವೆ ಎಚ್ಚರಿಕೆಯ ಗಂಟೆಯಾದರೆ ಪುಸ್ತಕ ಅಲ್ಲೇ ಬಿಟ್ಟು ಓಟ. ಯುದ್ಧ ಬಿಗಿಯಾದಂತೆ 18 ಗಂಟೆ ಎಂಬುದು ಕಾಗದದಲ್ಲೇ ಉಳಿಯಿತು. ಹುಡುಗರನ್ನು ತಮ್ಮ ಊರಿನಿಂದ ದೂರದ ಕಾರ್ಖಾನೆಗಳ ಕಾವಲಿಗೆ ಸಾಗಿಸಿದರು. 1944ರ ಮೇ 12ರಿಂದ ಅಮೆರಿಕದ ವಿಮಾನಗಳು ಲಾಯ್ನಾ ಮೊದಲಾದ ಕೃತಕ ಪೆಟ್ರೋಲು ಕಾರ್ಖಾನೆಗಳನ್ನು ಹುಡುಕಿ ಹುಡುಕಿ ಹೊಡೆದವು. ಅಲ್ಲಿ ನೂರಾರು ತೋಪುಗಳನ್ನು ಗುಂಪುಗೂಡಿಸಿದ್ದರು. ವಿಮಾನಗಳು ಕಾರ್ಖಾನೆಯನ್ನಷ್ಟೇ ಅಲ್ಲ, ತೋಪಿನ ಬ್ಯಾಟರಿಗಳನ್ನೂ ಗುರಿ ಮಾಡುತ್ತಿದ್ದವು.

ಮೇಲಿದ್ದವರೂ ಹುಡುಗರೇ ಎಂಬುದನ್ನು ಮರೆಯಬಾರದು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಜನ, ಅವರಲ್ಲಿ ಸತ್ತವರು 55,573. ಬಹುತೇಕರು ಇಪ್ಪತ್ತರ ಆಸುಪಾಸಿನವರು. ಕೆಳಗಿನ ಹದಿನಾರರ ಹುಡುಗ ಮುಳ್ಳು ನೋಡುತ್ತಿದ್ದ, ಮೇಲಿನ ಇಪ್ಪತ್ತರ ಹುಡುಗ ನಕ್ಷೆ ನೋಡುತ್ತಿದ್ದ. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ಕಾಂಕ್ರೀಟಿನ ಕೋಟೆಗಳು

1940ರ ಆಗಸ್ಟ್ 25ರ ರಾತ್ರಿ ಬರ್ಲಿನ್ ಮೇಲೆ ಬ್ರಿಟಿಷರ ಬಾಂಬು ಬಿತ್ತು. ಹಾನಿ ಸಣ್ಣದು, ಅವಮಾನ ದೊಡ್ಡದು. ರಾಜಧಾನಿಯಲ್ಲಿ ತೋಪುಗಳಿಗೆ ಎತ್ತರದ ಗೋಪುರ ಕಟ್ಟಲು ಹಿಟ್ಲರ್ ಹೇಳಿದ. ಫ್ರೀಡ್ರಿಶ್ ಟಾಮ್ಸ್ ಎಂಬ ವಾಸ್ತುಶಿಲ್ಪಿ ಅವುಗಳನ್ನು ರೂಪಿಸಿದ. ಬರ್ಲಿನ್ನಿನಲ್ಲಿ ಮೂರು ಕಡೆ, ಹ್ಯಾಂಬರ್ಗಿನಲ್ಲಿ ಎರಡು ಕಡೆ, ವಿಯೆನ್ನಾದಲ್ಲಿ ಮೂರು ಕಡೆ ಇವು ಎದ್ದವು. ಒಂದೊಂದು ಕಡೆಗೂ ಎರಡು ಗೋಪುರ, ಒಂದರ ಮೇಲೆ ತೋಪು, ಇನ್ನೊಂದರ ಮೇಲೆ ರಾಡಾರ್ ಮತ್ತು ಅಳತೆಯ ಯಂತ್ರ. ಹೊಗೆ ಮತ್ತು ಗದ್ದಲದಿಂದ ಅಳತೆ ಕೆಡಬಾರದೆಂದು ಹೀಗೆ ಬೇರೆ ಬೇರೆ. ಬರ್ಲಿನ್ನಿನ ಮೃಗಾಲಯದ ಪಕ್ಕದ ಗೋಪುರ ಸುಮಾರು 70 ಮೀಟರ್ ಚೌಕ, 39 ಮೀಟರ್ ಎತ್ತರ. ಮೀಟರುಗಟ್ಟಲೆ ದಪ್ಪದ ಕಾಂಕ್ರೀಟ್ ಗೋಡೆ. ಮೇಲೆ 12.8 ಸೆಂಟಿಮೀಟರ್ ಬಾಯಿಯ ಜೋಡಿ ತೋಪುಗಳು. ಇವುಗಳನ್ನು ಕಟ್ಟಿದ ಕೂಲಿಗಳಲ್ಲಿ ಬಲವಂತದಿಂದ ಎಳೆತಂದವರು ಬಹಳ.

ದಾಳಿಯಾದಾಗ ಇವುಗಳ ಒಳಗೆ ಸಾವಿರಾರು ಜನ ಆಶ್ರಯ ಪಡೆಯುತ್ತಿದ್ದರು. ಆದರೆ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಯಹೂದಿಗಳಿಗೂ ಪೂರ್ವ ಯೂರೋಪಿನ ಬಲವಂತದ ಕೂಲಿಗಳಿಗೂ ಸಾರ್ವಜನಿಕ ಬಂಕರುಗಳಲ್ಲಿ ಜಾಗವಿರಲಿಲ್ಲ. ಗೋಡೆ ಕಟ್ಟಿದವನೇ ಗೋಡೆಯ ಹೊರಗೆ.

ವಸ್ತುಸಂಗ್ರಹಾಲಯಗಳ ಬೆಲೆಬಾಳುವ ವಸ್ತುಗಳನ್ನೂ ಇಲ್ಲಿ ಇಟ್ಟಿದ್ದರು. ಈಜಿಪ್ಟಿನ ರಾಣಿ ನೆಫರ್ತಿತಿಯ ಪ್ರಸಿದ್ಧ ಮೂರ್ತಿ ಕೆಲಕಾಲ ಮೃಗಾಲಯದ ಗೋಪುರದಲ್ಲಿತ್ತು, ಆಮೇಲೆ ಉಪ್ಪಿನ ಗಣಿಗೆ ಸಾಗಿಸಿದ್ದರಿಂದ ಉಳಿಯಿತು. ಫ್ರೀಡ್ರಿಶ್‌ಹೈನ್ ಗೋಪುರದಲ್ಲಿಟ್ಟಿದ್ದ ನಾಲ್ಕುನೂರಕ್ಕೂ ಹೆಚ್ಚು ಚಿತ್ರಗಳು 1945ರ ಮೇ ತಿಂಗಳ ಬೆಂಕಿಯಲ್ಲಿ ಹೋದವು. ಕರವಾಜ್ಜೋನ ಚಿತ್ರಗಳೂ ಅದರಲ್ಲಿದ್ದವು. ಬಾಂಬಿಗೆ ಜಗ್ಗದ ಗೋಡೆಯೊಳಗೆ ಯುದ್ಧ ಮುಗಿಯುವ ಹೊತ್ತಿಗೆ ಬೆಂಕಿ ಬಿತ್ತು.

ಎಷ್ಟು ಗುಂಡಿಗೆ ಒಂದು ವಿಮಾನ?

ಇಷ್ಟೆಲ್ಲ ಮಾಡಿ ಫಲವೇನು? 1944ರಲ್ಲಿ ಜರ್ಮನಿಯ ಬಳಿ 10 ಸಾವಿರಕ್ಕೂ ಹೆಚ್ಚು ಭಾರೀ ತೋಪುಗಳಿದ್ದವು. ಫ್ಲಾಕ್ ಪಡೆಯಲ್ಲಿ ಹುಡುಗರು, ಹೆಂಗಸರು, ಮುದುಕರು, ಕೈದಿಗಳು ಎಲ್ಲ ಸೇರಿ 10 ಲಕ್ಷಕ್ಕೂ ಹೆಚ್ಚು ಜನ. ಆ ವರ್ಷದ ಲೆಕ್ಕದಂತೆ ಫ್ಲಾಕ್ 36, 37 ಮಾದರಿಯ 88ರ ತೋಪಿನಿಂದ ಒಂದು ವಿಮಾನ ಬೀಳಿಸಲು ಸರಾಸರಿ 16 ಸಾವಿರ ಗುಂಡು ಬೇಕಾದವು. 12.8 ಸೆಂಟಿಮೀಟರ್ ತೋಪಿಗೆ ಸುಮಾರು 3 ಸಾವಿರ ಸಾಕಾಗುತ್ತಿತ್ತು, ಆದರೆ ಆ ತೋಪುಗಳು ಕಡಿಮೆ. ಸವೆದ ನಳಿಗೆಗಳು, ಕುರುಡಾದ ರಾಡಾರ್, ಎತ್ತರದ ವಿಮಾನಗಳು, ಪಳಗದ ಕೈಗಳು, ಎಲ್ಲವೂ ಸೇರಿ ಈ ಸಂಖ್ಯೆ.

ಹಾಗೆಂದು ಫ್ಲಾಕ್ ಸುಮ್ಮನೆ ಸದ್ದು ಮಾಡಿತು ಎನ್ನುವಂತಿಲ್ಲ. 1944ರ ಮಧ್ಯದಿಂದ ಅಮೆರಿಕದ ಬಾಂಬರುಗಳು ಶತ್ರು ವಿಮಾನಗಳಿಗಿಂತ ಹೆಚ್ಚಾಗಿ ಫ್ಲಾಕಿಗೇ ಬಲಿಯಾದವು. ಬೀಳದಿದ್ದರೂ ತೂತಾಗಿ ಮರಳಿದ ವಿಮಾನಗಳು ಲೆಕ್ಕವಿಲ್ಲದಷ್ಟು. ತೋಪಿನ ಭಯದಿಂದ ವಿಮಾನಗಳು ಮೇಲೆ ಹಾರಿದವು, ಮೇಲಿನಿಂದ ಬಿಟ್ಟ ಬಾಂಬು ಗುರಿ ತಪ್ಪಿತು. ಗುರಿ ತಪ್ಪಿದ ಬಾಂಬು ಎಲ್ಲಿ ಬಿತ್ತು? ಕಾರ್ಖಾನೆ ಉಳಿದರೆ ಪಕ್ಕದ ಓಣಿ ಹೋಯಿತು. ಇನ್ನೊಂದು ಕಡೆ, ಇಷ್ಟು ತೋಪು ಊರು ಕಾಯುತ್ತ ನಿಂತದ್ದರಿಂದ ರಷ್ಯದ ರಣರಂಗಕ್ಕೆ ಅವು ಸಿಗಲಿಲ್ಲ. ದೃಗುಪಕರಣ ಉದ್ಯಮದ ಮೂರನೇ ಒಂದು ಭಾಗ, ಎಲೆಕ್ಟ್ರಾನಿಕ್ ಉದ್ಯಮದ ಅರ್ಧದಷ್ಟು ಇದಕ್ಕೇ ಹೋಗುತ್ತಿತ್ತು ಎಂದು ಹಿಟ್ಲರನ ಶಸ್ತ್ರಾಸ್ತ್ರ ಮಂತ್ರಿ ಆಲ್ಬರ್ಟ್ ಸ್ಪೇರ್ ಯುದ್ಧದ ನಂತರ ಬರೆದ.

ತೋಪಿನ ಸದ್ದಿಗೆ ಇನ್ನೊಂದು ಬೆಲೆಯಿತ್ತು. ನೆಲಮಾಳಿಗೆಯಲ್ಲಿ ಕೂತ ಜನಕ್ಕೆ ನಮ್ಮವರು ತಿರುಗಿ ಹೊಡೆಯುತ್ತಿದ್ದಾರೆ ಎಂಬ ಧೈರ್ಯ. 1940ರ ಸೆಪ್ಟೆಂಬರದಲ್ಲಿ ಲಂಡನ್ನಿನಲ್ಲೂ ಇದೇ ಕಾರಣಕ್ಕೆ ತೋಪುಗಳನ್ನು ಒಟ್ಟಿಗೆ ಹಾರಿಸಿದ್ದರು. ಗುರಿ ತಾಗದಿದ್ದರೂ ಜನ ನಿದ್ದೆ ಮಾಡಿದರು.

ಆ ಹುಡುಗರು ಏನಾದರು?

17 ತುಂಬಿದವರು ಬ್ಯಾಟರಿಯಿಂದ ಕಡ್ಡಾಯ ಶ್ರಮದಳಕ್ಕೆ, ಅಲ್ಲಿಂದ ಸೈನ್ಯಕ್ಕೆ ಹೋದರು. ಎಷ್ಟೋ ಜನ ಮರಳಲಿಲ್ಲ. ಮರಳಿದವರನ್ನು ಜರ್ಮನಿಯಲ್ಲಿ ಇಂದಿಗೂ 'ಫ್ಲಾಕ್ ಹೆಲ್ಫರ್ ತಲೆಮಾರು' ಎನ್ನುತ್ತಾರೆ. ಹೊಸ ಜರ್ಮನಿಯನ್ನು ಕಟ್ಟಿದವರಲ್ಲಿ ಆ ತಲೆಮಾರಿನವರು ಬಹಳ. ಮ್ಯೂನಿಕ್ ಬಳಿ ಕಾರ್ಖಾನೆ ಕಾಯುತ್ತ, ಅದೇ ನಗರದ ಶಾಲೆಯ ಪಾಠವನ್ನೂ ಕಲಿತ ಯೋಸೆಫ್ ರಾಟ್ಸಿಂಗರ್ 2005ರಲ್ಲಿ ಹದಿನಾರನೇ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದರು. ಡಾನ್ಸಿಗ್ ನಗರದ ಬ್ಯಾಟರಿಯಲ್ಲಿದ್ದ ಗ್ಯುಂಟರ್ ಗ್ರಾಸ್ 1999ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. ಹಾನ್ಸ್ ಡೀಟ್ರಿಶ್ ಗೆನ್ಷರ್ 1974ರಿಂದ 1992ರವರೆಗೆ ವಿದೇಶಾಂಗ ಮಂತ್ರಿಯಾಗಿದ್ದು ಎರಡು ಜರ್ಮನಿಗಳು ಒಂದಾಗುವುದನ್ನು ಕಂಡರು. ಅರಾಸ್ ಬಳಿ 88ರ ತೋಪು ನೆಲಕ್ಕೆ ತಿರುಗಿಸಿದ ರೋಮೆಲನ ಮಗ ಮಾನ್‌ಫ್ರೆಡ್ 15ನೇ ವಯಸ್ಸಿಗೆ ಫ್ಲಾಕ್ ಹುಡುಗನಾಗಿದ್ದ. ಮುಂದೆ 1974ರಿಂದ 1996ರವರೆಗೆ ಸ್ಟುಟ್‌ಗಾರ್ಟ್ ನಗರದ ಮೇಯರ್ ಆದ.

ಇವರು ಹೆಸರು ಮಾಡಿದವರು. ಗ್ರಾಸ್ ಅವರು ಫ್ಲಾಕ್ ನಂತರ ಕುಖ್ಯಾತ ವಾಫೆನ್ ಎಸ್ ಎಸ್ ಪಡೆಯಲ್ಲೂ ಇದ್ದದ್ದನ್ನು 2006ರಲ್ಲಿ, ಸುಮಾರು 80ರ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳಿದರು. ಹದಿಹರೆಯದಲ್ಲಿ ಹೊತ್ತ ಭಾರ ಇಳಿಸಲು ಅರವತ್ತು ವರ್ಷ ಹಿಡಿಯಿತು.

ಗೋಪುರಗಳ ಗತಿಯನ್ನೂ ಹೇಳಿಬಿಡುತ್ತೇವೆ. ಬರ್ಲಿನ್ ಮೃಗಾಲಯದ ಗೋಪುರವನ್ನು ಒಡೆಯಲು ಬ್ರಿಟಿಷ್ ಸೈನ್ಯಕ್ಕೆ ಒಂದು ಸಲಕ್ಕೆ ಆಗಲಿಲ್ಲ, ಸಿಡಿಮದ್ದು ಮತ್ತೆ ಮತ್ತೆ ತುಂಬಬೇಕಾಯಿತು. ವಿಯೆನ್ನಾದ ಒಂದು ಗೋಪುರದಲ್ಲಿ ಈಗ ಮೀನುಗಳ ಪ್ರದರ್ಶನಾಲಯವಿದೆ, ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಹ್ಯಾಂಬರ್ಗಿನ ವಿಲ್‌ಹೆಲ್ಮ್ಸ್‌ಬುರ್ಗ್ ಗೋಪುರ 2013ರಿಂದ ಸುತ್ತಲಿನ ಮನೆಗಳಿಗೆ ಶಾಖ ಕೊಡುವ ಕೇಂದ್ರ. ಅದೇ ನಗರದ ಇನ್ನೊಂದರ ನೆತ್ತಿಯ ಮೇಲೆ 2024ರಲ್ಲಿ ಸಾರ್ವಜನಿಕ ಉದ್ಯಾನ ತೆರೆದರು. ತೋಪು ನಿಂತ ಜಾಗದಲ್ಲಿ ಗಿಡಗಳು ಬೆಳೆದಿವೆ. ಕಾಂಕ್ರೀಟಿಗೆ ಹೊಸ ಕೆಲಸ ಹಚ್ಚುವುದು ಸುಲಭ.

ಮಕ್ಕಳಿಗೆ ಈ ಪಾಠ ಹೇಳುವಾಗ ಕೊನೆಗೆ ಒಂದು ಪ್ರಶ್ನೆ ಕೇಳಿ ನೋಡಿ ಎಂದು ನಮ್ಮ ಶಿಕ್ಷಕ ಮಿತ್ರರಿಗೆ ಹೇಳುತ್ತೇವೆ. ಆ ಹುಡುಗರು ತೋಪಿನ ಬಳಿ ಹೋದದ್ದು ಯಾವಾಗ? 1943ರ ಫೆಬ್ರವರಿ 15ಕ್ಕೆ ಎಂದು ಜಾಣ ಮಕ್ಕಳು ಉತ್ತರ ಕೊಡುತ್ತಾರೆ. ಅದು ಪರೀಕ್ಷೆಯ ಉತ್ತರ, ಅದಕ್ಕೆ ಅಂಕ ಕೊಡಿ. ಆಮೇಲೆ ಹಿಂದಕ್ಕೆ ಕರೆದೊಯ್ಯಿರಿ. 1939ರಲ್ಲಿ ಸಂಘ ಕಡ್ಡಾಯವಾದಾಗಲೇ ಹೋದರೇ? 1938ರಲ್ಲಿ ಪಕ್ಕದ ಬೆಂಚಿನ ಹುಡುಗನ ಹೆಸರು ಹಾಜರಿಯಿಂದ ಹೋದಾಗ ಯಾರೂ ಕೇಳದಿದ್ದಾಗಲೇ ಹೋದರೇ? ಗಣಿತದ ಲೆಕ್ಕದಲ್ಲಿ ಮಾವಿನಹಣ್ಣಿನ ಬದಲು ಬಾಂಬು ಬಂದಾಗಲೇ ಹೋದರೇ? ಆ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದವನು ಒಬ್ಬ ಮಾಸ್ತರ. ಹತ್ತು ವರ್ಷದ ನಂತರ ತೋಪಿನ ಪಕ್ಕದ ಗುಡಿಸಲಿಗೆ ಪಾಠ ಹೇಳಲು ಹೋದವನೂ ಬಹುಶಃ ಅವನೇ.